ಕತ್ತಿಯವನ ಕ್ಯಾಸೆಟ್ಟು

ನಾನು ಓದು ನಿಲ್ಲಿಸಿದ್ದು 2003ರಲ್ಲಿ, ಏಳನೇ ಕ್ಲಾಸು ಪಾಸಾದ ಮೇಲೆ. ಫೇಲಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆ ಬಿಟ್ಟವರೆಲ್ಲ ದಡ್ಡರೇ ಎಂದು ತಿಳಿಯುವ ಜನ ನಮ್ಮ ಕಡೆ ಬಹಳ. ಬಿಡಿಸಿದ್ದು ಅಪ್ಪ. ಬಿಡಿಸಲು ಕಾರಣವಾದದ್ದು ಒಂದು ಟಿವಿ ಗೇಮು. ಹೀಗೆಂದ ಕೂಡಲೇ ಕೇಳಿದವರು ನಗುತ್ತಾರೆ, ಆಟದ ಹುಚ್ಚು ಹಿಡಿದು ಕೆಟ್ಟಿರಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು, ಒಬ್ಬರನ್ನು ಓದಿಸುವ ಶಕ್ತಿ ಇತ್ತು, ಯಾರು ಓದಬೇಕು ಎಂಬುದನ್ನು ಆ ಆಟದ ಮುಂದೆ ಕೂರಿಸಿ ತೀರ್ಮಾನ ಮಾಡಿದರು. ನನ್ನ ಕಣ್ಣೆದುರೇ ನಡೆದದ್ದು. ನ್ಯಾಯವಾಗಿಯೇ ನಡೆಯಿತು ಎಂದು ಇಷ್ಟು ವರ್ಷ ನಾನೇ ನಾಲ್ಕು ಜನರ ಮುಂದೆ ಹೇಳಿಕೊಂಡು ಬಂದಿದ್ದೆ. ಈಚೆಗೆ ಆ ಆಟವನ್ನು ಮತ್ತೆ ಆಡಿದೆ. ಆಡಬಾರದಿತ್ತು.

ನಾವು ಪಿಂಜಾರರು, ಹತ್ತಿ ಬಿಡಿಸಿ ಗಾದಿ ಹೊಲಿಯುವವರು. ಚನ್ನಗಿರಿಯಲ್ಲಿ ನಮ್ಮ ಮನೆಗೆ ಮೂರೇ ಕೋಣೆ. ಮುಂದಿನದು ಹತ್ತಿಗೆ, ನಡುವಿನದು ನಮಗೆ, ಹಿಂದಿನದು ಒಲೆಗೆ. ಹತ್ತಿಗೂ ಒಲೆಗೂ ನಡುವೆ ನಮ್ಮನ್ನು ಮಲಗಿಸಿದ್ದಾರೆ ಎಂದು ಅವ್ವ ಹೇಳುತ್ತಿದ್ದಳು. ಅವಳಿಗೆ ಬೆಂಕಿಯ ಭಯ ಎಷ್ಟೆಂದರೆ ಅಪ್ಪ ಬೀಡಿ ಸೇದಬೇಕಾದರೆ ಚರಂಡಿ ದಾಟಿ ರಸ್ತೆಯ ಆಚೆ ಬದಿಗೆ ಹೋಗಬೇಕಿತ್ತು, ಮಳೆ ಬಂದರೂ ಸರಿ. ಮುಂದಿನ ಕೋಣೆಯ ತೊಲೆಗೆ ಅಪ್ಪನ ಬಿಲ್ಲು ತೂಗುತ್ತಿತ್ತು. ಅದರ ತಂತಿಯನ್ನು ಹತ್ತಿಯ ಗುಡ್ಡೆಯೊಳಗೆ ಇಳಿಸಿ ಕೊಡತಿಯಿಂದ ಬಡಿದರೆ ಗಂಟುಗಟ್ಟಿದ ಹತ್ತಿ ಹಾಲಿನ ನೊರೆಯಂತೆ ಏಳುತ್ತಿತ್ತು. ಎದ್ದದ್ದೆಲ್ಲ ಗಾದಿಯೊಳಗೆ ಹೋಗುತ್ತಿರಲಿಲ್ಲ. ಸಾರಿನಲ್ಲಿ ಹತ್ತಿ, ನೀರಿನ ಗಡಿಗೆಯಲ್ಲಿ ಹತ್ತಿ, ಅವ್ವ ರೊಟ್ಟಿ ತಟ್ಟುವಾಗ ಹಿಟ್ಟಿನ ಮೇಲೆ ಹತ್ತಿ. ತಿನ್ನುವಾಗ ಹಲ್ಲಿಗೆ ಸಿಕ್ಕ ಎಳೆಯನ್ನು ತೆಗೆದು ಬಟ್ಟೆಯ ಅಂಚಿಗೆ ಒರೆಸಿ ಮುಂದಿನ ತುತ್ತು ಹಾಕಿಕೊಳ್ಳುವುದು ನಮಗೆ ಕೈ ತೊಳೆದಷ್ಟೇ ಸಹಜ. ಶಾಲೆಯಲ್ಲಿ ಹುಡುಗರು ನನ್ನನ್ನು ಮುದುಕ ಎನ್ನುತ್ತಿದ್ದರು, ತಲೆ ಬೆಳ್ಳಗಿರುತ್ತಿತ್ತಲ್ಲ.

ಅಪ್ಪನಿಗೆ ಒಂದು ಕಟ್ಟುನಿಟ್ಟು ಇತ್ತು. ಬಿಚ್ಚಿದ ಗಾದಿಯನ್ನು ಅವತ್ತೇ ತುಂಬಿ ಹೊಲಿದು ಮುಗಿಸಬೇಕು. ಬಾಯಿ ತೆರೆದ ಗಾದಿ ಮನೆಯಲ್ಲಿ ರಾತ್ರಿ ಕಳೆಯಬಾರದು, ಅದರ ಮೇಲೆ ಮಲಗಬೇಕಾದವರ ನಿದ್ದೆ ಸೋರಿಹೋಗುತ್ತದೆ ಎನ್ನುತ್ತಿದ್ದ. ಉಬ್ರಾಣಿಯ ಮದುವೆ ಮನೆಯೊಂದರಲ್ಲಿ ಜ್ವರ ಬಂದು ನಡುಗುತ್ತಿದ್ದರೂ ಕೊನೆಯ ಹೊಲಿಗೆ ಹಾಕಿಯೇ ಎದ್ದವನು ಅವನು. ಆ ಗುಣ ನನಗೂ ಬಂದಿದೆ. ಅರ್ಧಕ್ಕೆ ನಿಂತ ಕೆಲಸ ಕಂಡರೆ ನನಗೆ ಮೈಯೆಲ್ಲ ಮುಳ್ಳಾಡಿದಂತಾಗುತ್ತದೆ. ಆ ಆಟವೂ ಹಾಗೆ ಅರ್ಧಕ್ಕೆ ನಿಂತದ್ದು.

ಆಟ ಬಂದದ್ದು ಹೊನ್ನಾಳಿಯಿಂದ. ಅಲ್ಲಿ ಒಬ್ಬರ ಮನೆಯಲ್ಲಿ ಅಪ್ಪ ಮದುವೆಯ ಗಾದಿಗಳನ್ನು ಹೊಲಿಯಲು ಹೋಗಿದ್ದ. ಆ ಮನೆಯ ಮಕ್ಕಳು ದೊಡ್ಡವರಾಗಿದ್ದರು, ಅವರ ಹಳೆಯ ಟಿವಿ ಗೇಮು ಅಟ್ಟದ ಮೇಲೆ ಬಿದ್ದಿತ್ತಂತೆ. ಮನೆಯೊಡತಿ, 'ನಿಮ್ಮ ಹುಡುಗ್ರಿಗೆ ಕೊಡ್ರಿ ಸಾಬ್ರೇ' ಎಂದು ಚೀಲಕ್ಕೆ ಹಾಕಿಕೊಟ್ಟರು. ಒಂದು ಬಿಳಿ ಡಬ್ಬಿ, ಒತ್ತುವ ಗುಂಡಿಗಳಿದ್ದ ಎರಡು ಕೈಹಿಡಿಗಳು, ಹಳದಿ ಬಣ್ಣದ ಒಂದೇ ಒಂದು ಕ್ಯಾಸೆಟ್ಟು. ಪಕ್ಕದ ಓಣಿಯ ಹುಡುಗರ ಬಳಿ ಗುಂಡು ಹೊಡೆಯುವ, ಕಾರು ಓಡಿಸುವ ಕ್ಯಾಸೆಟ್ಟುಗಳಿದ್ದವು. ಅವರು ನಮ್ಮದನ್ನು ಹಾಕಿ ನೋಡಿ, 'ಥೂ, ಇದ್ರಾಗೆ ಬರೇ ಮಾತೇ ಐತಲ್ಲೋ' ಎಂದು ವಾಪಸು ಎಸೆದರು. ನಿಜ, ಬರೀ ಮಾತು. ಕತ್ತಿ ಹಿಡಿದ ಒಬ್ಬ ಪುಟ್ಟ ಮನುಷ್ಯ ಹಸಿರು ಚೌಕಗಳ ಮೇಲೆ ನಡೆಯುತ್ತಾನೆ. ಊರಿದೆ, ಬಾವಿಯಿದೆ, ಒಬ್ಬ ರಾಜನಿದ್ದಾನೆ, ಊರ ತುದಿಯಲ್ಲಿ ದೊಡ್ಡ ಬಾಗಿಲು, ಅದನ್ನು ಕಾಯುವ ಒಬ್ಬ ಕಾವಲುಗಾರ. ಯಾರ ಎದುರು ನಿಂತು ಗುಂಡಿ ಒತ್ತಿದರೂ ಕೆಳಗೆ ಕಪ್ಪು ಪಟ್ಟಿ ತೆರೆದು ಇಂಗ್ಲಿಷಿನಲ್ಲಿ ಮಾತು ಬರುತ್ತದೆ. ಹೊರಗೆ ಹೋದರೆ ಲೋಳೆಯಂಥ ಭೂತಗಳು. ಅವನ್ನು ಬಡಿದರೆ ಕತ್ತಿಯವನ ಬಲ ಹೆಚ್ಚುತ್ತದೆ. ಎಷ್ಟು ಬಡಿದರೆ ಅಷ್ಟು.

ನನಗೆ ಹಿಡಿಸಿದ್ದೇ ಅದು. ಬಡಿದಷ್ಟೂ ಬಲ. ಭೂತ ಬಡಿಯುವುದು ನನ್ನ ಕೆಲಸವಾಯಿತು, ಮಾತು ಓದುವುದು ರಜಿಯಕ್ಕನದು. ಅವಳು ನನ್ನ ಅಕ್ಕ, ನನಗಿಂತ ಎರಡು ಕ್ಲಾಸು ಮುಂದೆ. ಕಪ್ಪು ಪಟ್ಟಿ ತೆರೆದ ಕೂಡಲೇ ಅವಳು ಕಣ್ಣು ಕಿರಿದು ಮಾಡಿ, ಒಂದು ಉಸಿರು ಎಳೆದು, ನೇರ ಕನ್ನಡದಲ್ಲಿ ಹೇಳುತ್ತಿದ್ದಳು. ಬಾವಿಕಟ್ಟೆಯ ಮುದುಕ ಒಂದು ಕಾಲದಲ್ಲಿ ರಾಜನಾಗಿದ್ದನಂತೆ, ಈಗಿನ ರಾಜ ಅವನ ಆಳಂತೆ. ಹೂ ಮಾರುವವಳ ಬುಟ್ಟಿಯಲ್ಲಿ ಇರುವುದು ಹೂವಲ್ಲವಂತೆ, ಭೂತವಾಗಿ ಹೋದ ಮಕ್ಕಳ ಹೆಸರುಗಳಂತೆ. ನಾನು ಕೈಹಿಡಿ ಕೆಳಗಿಟ್ಟು ಕೇಳುತ್ತಿದ್ದೆ. ಒಲೆಯ ಮುಂದಿನಿಂದ ಅವ್ವನೂ ಕೇಳುತ್ತಿದ್ದಳು.

'ಆ ಮುದುಕಂಗೆ ಊಟಕ್ಕೆ ಯಾರು ಹಾಕ್ತಾರಂತೆ, ರಜ್ಯಾ?'

'ಅದ್ನ ಬರ್ದಿಲ್ಲ ಅವ್ವ.'

'ಬರೀಬೇಕಿತ್ತು. ಎಂಥ ಜನ.'

ಆಟವನ್ನು ಅರ್ಧಕ್ಕೆ ಉಳಿಸಿಟ್ಟು ಮರುದಿನ ಮುಂದುವರಿಸುವ ಉಪಾಯ ನಮಗೆ ಗೊತ್ತಿರಲಿಲ್ಲ. ಕರೆಂಟು ಹೋದರೆ ಎಲ್ಲ ಹೋಯಿತು. ನಮ್ಮೂರಿನ ಆಗಿನ ಕರೆಂಟು ಹೇಗಿತ್ತೆಂದು ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಮತ್ತೆ ಮೊದಲಿನಿಂದ, ಮತ್ತೆ ಬಾವಿ, ಮತ್ತೆ ಮುದುಕ. ಆದರೆ ಮುದುಕ ಮೊನ್ನೆ ಹೇಳಿದ್ದನ್ನೇ ಇವತ್ತು ಹೇಳುತ್ತಿರಲಿಲ್ಲ. ಕೇಳಿದರೆ ಅಕ್ಕ, 'ದೊಡ್ಡ ಆಟ ಕಣೋ ಇದು, ದಿನಾ ಬೇರೆ ಬೇರೆ ಮಾತಾಡ್ತಾರೆ' ಎನ್ನುತ್ತಿದ್ದಳು. ನಾನು ನಂಬಿದೆ. ಇಷ್ಟೆಲ್ಲ ಮಾತು ಒಂದು ಅಂಗೈಯಗಲ ಕ್ಯಾಸೆಟ್ಟಿನಲ್ಲಿ ಹೇಗೆ ತುಂಬಿದರೋ ಎಂದು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ್ದೂ ಉಂಟು. ಆ ಬಾಗಿಲು ಮಾತ್ರ ಒಮ್ಮೆಯೂ ತೆರೆಯಲಿಲ್ಲ. ಕಾವಲುಗಾರನಿಗೆ ದಿನಕ್ಕೊಂದು ದುಃಖ. ಅಕ್ಕ ಹೇಳಿದಂತೆ ನಾನು ಕಾಡಿಗೆ ಹೋಗಿ ಹೆಬ್ಬೆರಳು ಬಾತುಕೊಳ್ಳುವಷ್ಟು ಭೂತಗಳನ್ನು ಬಡಿದು ಬಂದು ಅವನ ಮುಂದೆ ನಿಲ್ಲುತ್ತಿದ್ದೆ, ಅವನು ಜಾಗ ಬಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಜಗಳೂರಿನ ಮಾವ ಬಂದ. ಅವ್ವನ ತಮ್ಮ, ಜೋರು ಬಾಯಿಯ ಮನುಷ್ಯ. ಯಾಕೆ ಬಂದ ಎಂದು ನಾನು ಕೇಳಲಿಲ್ಲ. ಮಾವ ಬಂದರೆ ಮನೆಯಲ್ಲಿ ಕೋಳಿ ಕುಯ್ಯುತ್ತಿದ್ದರು, ನನಗೆ ಅಷ್ಟು ಸಾಕಿತ್ತು. ಊಟ ಮುಗಿದ ಮೇಲೆ ಅವನು ಅಪ್ಪನ ಪಕ್ಕದಲ್ಲಿ ಹತ್ತಿಯ ಮೂಟೆಗೆ ಒರಗಿ ಕೂತು ಮಾತು ತೆಗೆದ.

'ಭಾವ, ಇಬ್ರುನ್ನೂ ಓದ್ಸಾಕೆ ನಿನ್ ಕೈಲಿ ಆಗಲ್ಲ. ಗಂಡುಡುಗನ್ನ ಓದ್ಸು. ಹುಡ್ಗಿ ಓದಿ ಯಾವ ಆಫೀಸಿಗೆ ಹೋಗ್ಬೇಕಾಗೈತೆ?'

ಅಪ್ಪ ತಕ್ಷಣ ಮಾತಾಡುವವನಲ್ಲ. ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದ. ಆಮೇಲೆ ಟಿವಿಯ ಕಡೆ ನೋಡಿದ. ಅಲ್ಲಿ ನಮ್ಮ ಕತ್ತಿಯವನು ಕಾವಲುಗಾರನ ಎದುರು ನಿಂತಿದ್ದ, ಕಪ್ಪು ಪಟ್ಟಿ ತೆರೆದೇ ಇತ್ತು.

'ಹಂಗಾದ್ರೆ ಅಲ್ಲಿ ಬರ್ದಿದ್ದನ್ನ ಇಬ್ರೂ ಓದ್ಲಿ, ಯಾರಿಗೆ ಬರುತ್ತೋ ನೋಡಾನ' ಅಂದ. 'ದಾದೂ, ಏನ್ ಬರ್ದೈತೋ ಅಲ್ಲಿ?'

ದಾದಾಪೀರ ಎಂಬ ನನ್ನ ಹೆಸರು ಮನೆಯಲ್ಲಿ ದಾದು. ನಾನು ಟಿವಿಯ ಹತ್ತಿರ ಹೋಗಿ ಅಕ್ಷರದ ಮೇಲೆ ಬೆರಳಿಟ್ಟೆ. ಇಂಗ್ಲಿಷ್ ಅಕ್ಷರ ಕಲಿತು ಮೂರು ವರ್ಷವಾಗಿತ್ತು. ಒಂದೊಂದೇ ಕೂಡಿಸಿಕೊಂಡು, ಬೆವತುಕೊಂಡು, 'ಯು... ನೀಡ್... ಎ...' ಎಂದೆ. ಮುಂದಿನ ಶಬ್ದಕ್ಕೆ ತಡೆದು ನಿಂತೆ. ಮಾವ ಕೆಮ್ಮಿದ. ನಾನು ಕೆಳಗಿನ ಸಾಲಿಗೆ ಹಾರಿದೆ. 'ಟ್ರೀ ಅಂತೈತೆ. ನಿಂಗೆ ಏನೋ ಬೇಕು ಅಂತಾನೆ... ಗಿಡದ ಕೆಳಗೆ...'

'ಗಿಡದ ಕೆಳಗೆ ಏನೈತೋ, ನೆಳ್ಳಾ?' ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಪ್ಪ ನಗಲಿಲ್ಲ. ಅಕ್ಕನ ಕಡೆ ತಿರುಗಿದ. ಅಕ್ಕ ನಿಂತಲ್ಲಿಂದಲೇ, ಟಿವಿಯ ಹತ್ತಿರ ಕೂಡ ಬಾರದೆ, ನೀರು ಹರಿದಂತೆ ಹೇಳಿದಳು:

'ಅವ್ನು ಹೇಳ್ತಾನೆ ಅಪ್ಪ... ನಂಗೊಬ್ಳು ತಂಗಿ ಇದ್ಲು. ಓದ್ತಾ ಇದ್ಲು. ಅವ್ಳನ್ನ ದೂರದ ಊರಿಗೆ ಕೊಟ್ಬುಟ್ರು. ಹೋಗೋವಾಗ ಈ ಬಾಗ್ಲಾಗೆ ನಿಂತು ನನ್ ಮುಖ ನೋಡಿದ್ಲು, ನಾನು ಏನೂ ಅನ್ಲಿಲ್ಲ. ಅವತ್ತಿಂದ ಈ ಬಾಗ್ಲು ಯಾರಿಗೂ ತೆಗ್ದಿಲ್ಲ ಅಂತಾನೆ.'

ಒಲೆಯ ಮುಂದೆ ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮಾವ, 'ಆಟದಾಗೂ ಇಂಥವು ಇರ್ತಾವಾ' ಎಂದು ಗೊಣಗಿದ. ಅಪ್ಪ ಬೆರಳಿಗೆ ಸುತ್ತಿದ್ದ ಎಳೆಯನ್ನು ಬಿಚ್ಚಿ, 'ರಜ್ಯಾ ಓದ್ಲಿ. ದಾದು ನನ್ ಜೊತೆ ಬರ್ಲಿ' ಅಂದ. ಅಷ್ಟೇ. ನಾನು ಅಳಲಿಲ್ಲ. ಅಳುವುದಕ್ಕೆ ಏನಿತ್ತು? ಅಕ್ಕನಿಗೆ ಓದು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ, ಎಲ್ಲರೂ ನೋಡಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ನನ್ನ ಕೈಯಲ್ಲಿ ಕೊಡತಿ ಇತ್ತು. ಆಟದ ಡಬ್ಬಿಯನ್ನು ನಾನೇ ಹಳೆಯ ದಿಂಬಿನ ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದೆ. ಬಡಿಯುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಬಾರದು ಎಂದುಕೊಂಡೆ. ಅದನ್ನು ಸಾಧಿಸಿಯೂ ತೋರಿಸಿದೆ. ಬಿಲ್ಲು ಹೋಗಿ ಯಂತ್ರ ಬಂದಾಗ ಚನ್ನಗಿರಿಯಲ್ಲಿ ಮೊದಲು ತಂದವನು ನಾನು. ಅದನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಕೆರೆಬಿಳಚಿ, ಸಂತೇಬೆನ್ನೂರು ಎಂದು ಊರೂರು ತಿರುಗಿದೆ. ಅಕ್ಕ ಓದಿದಳು, ನರ್ಸ್ ಆದಳು, ನ್ಯಾಮತಿಯಲ್ಲಿ ಸಂಸಾರ ಹೂಡಿದಳು. ಯಾರಾದರೂ ಹೊಗಳಿದರೆ, 'ದೇವರು ಅವಳಿಗೆ ತಲೆ ಕೊಟ್ಟ, ನನಗೆ ಕೈ ಕೊಟ್ಟ' ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಕಳೆದ ವರ್ಷ ಮೊಬೈಲ್ ರಿಪೇರಿಗೆ ಕೊಟ್ಟಾಗ ಅಂಗಡಿಯವನು ಹಳೆಯ ಟಿವಿ ಗೇಮುಗಳೆಲ್ಲ ಈಗ ಫೋನಿನಲ್ಲೇ ಬರುತ್ತವೆ ಎಂದ. ನಮ್ಮ ಕ್ಯಾಸೆಟ್ಟಿನ ಗುರುತು ಹೇಳಿದೆ. ಅವನು ಹತ್ತಾರು ಚಿತ್ರ ತೋರಿಸಿದ, ಕೊನೆಗೆ ಆ ಹಸಿರು ಚೌಕಗಳ ಮೇಲಿನ ಆ ಕತ್ತಿಯವನು ಸಿಕ್ಕ. ಹಾಕಿಸಿಕೊಂಡು ಬಂದೆ. ಅರ್ಧಕ್ಕೆ ನಿಂತ ಕೆಲಸ, ಮುಗಿಸಿಬಿಡೋಣ ಎಂಬುದಷ್ಟೇ ಇದ್ದದ್ದು. ಕರೆಂಟು ಹೋಗಿ ಯಂತ್ರ ನಿಂತಾಗ ಅಂಗಡಿಯಲ್ಲಿ ಕೂತು ಆಡುತ್ತಿದ್ದೆ. ನನ್ನ ಹೆಂಡತಿ ನಸೀಮಾ ಗಾದಿಗೆ ಗುಂಡಿ ಕಟ್ಟುತ್ತ ಓರೆಗಣ್ಣಲ್ಲಿ ನೋಡುವಳು.

'ಗಿರಾಕಿ ಬಂದ್ರೆ ಏನಂತ ಹೇಳ್ಲಿ? ಯಜಮಾನ್ರು ಭೂತ ಹೊಡ್ಯಾಕೆ ಹೋಗ್ಯಾರೆ ಅಂತ್ಲಾ?'

'ಕರೆಂಟ್ ಇಲ್ಲ ಅಂತ ಹೇಳು.'

'ಕರೆಂಟ್ ಬಂದು ಆಗ್ಲೇ ಎಷ್ಟೊತ್ತಾತು, ನೋಡ್ರಿ ಮೇಲೆ.'

ಮೊದಲ ದಿನವೇ ಸಿಟ್ಟು ಬಂತು. ಈಗ ನನಗೆ ಇಂಗ್ಲಿಷ್ ಓದಲು ಬರುತ್ತದೆ. ಯಾರೂ ಕಲಿಸಿದ್ದಲ್ಲ. ಸಾಮಾನಿನ ರಶೀದಿ, ಲಾರಿ ಪಾರ್ಸಲಿನ ಚೀಟಿ, ಯಂತ್ರದ ಪುಸ್ತಕ ಓದಿ ಓದಿ ನಾನೇ ಕಲಿತದ್ದು. ನಿಧಾನ, ಆದರೆ ಬರುತ್ತದೆ. ಬಾವಿಕಟ್ಟೆಯ ಮುದುಕನ ಎದುರು ನಿಂತು ಗುಂಡಿ ಒತ್ತಿದೆ. 'ನಮ್ಮ ಊರಿಗೆ ಸ್ವಾಗತ' ಎಂದ. ಮತ್ತೆ ಒತ್ತಿದೆ. ಮತ್ತೆ 'ನಮ್ಮ ಊರಿಗೆ ಸ್ವಾಗತ'. ಹೂವಿನವಳ ಹತ್ತಿರ ಹೋದೆ. 'ಇವತ್ತು ಹವೆ ಚೆನ್ನಾಗಿದೆ' ಎಂದಳು. ಇದು ಬೇರೆ ಆಟ ಎಂದುಕೊಂಡು ರಿಪೇರಿ ಅಂಗಡಿಗೆ ಹೋಗಿ ಜಗಳವನ್ನೇ ಮಾಡಿದೆ. ಅವನು, 'ಅಣ್ಣ, ಇದ್ರಾಗೆ ಎರಡು ಇಲ್ಲ, ಒಂದೇ ಬಂದಿರೋದು' ಎಂದು ಕೈ ಮುಗಿದ. ಹಟ ಹಿಡಿದು ಊರಿನ ಪ್ರತಿಯೊಬ್ಬರನ್ನೂ ಮಾತಾಡಿಸಿದೆ. ಒಬ್ಬ ಕತ್ತಿಯ ಅಂಗಡಿ ಎಲ್ಲಿದೆ ಎನ್ನುತ್ತಾನೆ, ಒಬ್ಬ ಭೂತ ಬಂದಾವು ಹುಷಾರು ಎನ್ನುತ್ತಾನೆ. ಬರೀ ಬಸ್ ಸ್ಟ್ಯಾಂಡಿನ ಮಾತು. ಹಳೆಯ ರಾಜ ಎಲ್ಲಿ? ಬುಟ್ಟಿಯಲ್ಲಿದ್ದ ಮಕ್ಕಳ ಹೆಸರು ಎಲ್ಲಿ? ಯಾರೋ ನನ್ನ ಆಟ ಕದ್ದು ಹೊಟ್ಟು ತುಂಬಿ ಕೊಟ್ಟಿದ್ದಾರೆ ಅನ್ನಿಸಿತು.

ಕೊನೆಗೆ ಕಾವಲುಗಾರ. ಅವನ ಎದುರು ಕತ್ತಿಯವನನ್ನು ನಿಲ್ಲಿಸಿ ಗುಂಡಿ ಒತ್ತಿದೆ. ಕಪ್ಪು ಪಟ್ಟಿ ತೆರೆಯಿತು. ಎರಡೇ ಸಾಲು. 'ಯು ನೀಡ್ ಎ ಕೀ. ಲುಕ್ ಅಂಡರ್ ದಿ ಟ್ರೀ.' ನಿನಗೆ ಕೀಲಿ ಬೇಕು, ಗಿಡದ ಕೆಳಗೆ ನೋಡು. ತಂಗಿ ಇಲ್ಲ, ಮದುವೆ ಇಲ್ಲ, ದೂರದ ಊರಿಲ್ಲ. ಊರಿನ ಹಿಂದೆ ಇದ್ದ ಒಂದೇ ಗಿಡದ ಕೆಳಗೆ ಹೋಗಿ ಗುಂಡಿ ಒತ್ತಿದೆ. ಕೀಲಿ ಸಿಕ್ಕಿತು. ಬಾಗಿಲು ತೆರೆಯಿತು. ನಾನು ಅವತ್ತು ಓದಿದ್ದೇ ಸರಿ. ಹನ್ನೆರಡು ವರ್ಷದ ಹುಡುಗ, ಬೆವತುಕೊಂಡು, ಒಂದು ಶಬ್ದ ಬಿಟ್ಟು, ಸರಿಯಾಗಿಯೇ ಓದಿದ್ದ. ನೀರು ಹರಿದಂತೆ ಹೇಳಿದವಳು ಒಂದಕ್ಷರವನ್ನೂ ಓದಿರಲಿಲ್ಲ.

ನಸೀಮಾ, 'ಯಾಕ್ರೀ, ಮುಖ ಹಿಂಗಾಗೈತೆ?' ಎಂದಳು. ಗೂಡ್ಸ್ ಆಟೋದಿಂದ ಯಂತ್ರ ಇಳಿಸದೆ ಹಾಗೆಯೇ ನ್ಯಾಮತಿಗೆ ಹೊರಟೆ. ದಾರಿಯುದ್ದಕ್ಕೂ ಏನು ಕೇಳಬೇಕೆಂದು ಜೋಡಿಸಿಕೊಂಡೆ. ಅಕ್ಕ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು, ಯೂನಿಫಾರ್ಮಿನಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಫೋನನ್ನು ಅವಳ ಮುಖಕ್ಕೆ ಹಿಡಿದೆ.

'ಓದು. ಏನ್ ಬರ್ದೈತೆ ಓದು.'

ಅವಳು ನೋಡಿದಳು. ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ನಕ್ಕಳು. ಈರುಳ್ಳಿಯ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. 'ಅಯ್ಯೋ, ಇದು ಇನ್ನೂ ಐತಾ?'

'ನಗ್ಬ್ಯಾಡ. ಗಿಡದ ಕೆಳಗೆ ಕೀಲಿ ಐತೆ ಅಂತ ಬರ್ದೈತೆ. ನೀನ್ ಏನ್ ಓದ್ದೆ ಅವತ್ತು?'

'ಎಲ್ಲಿ ಓದಾಕೆ ಬರ್ತಿತ್ತೋ ನಂಗೆ? ನಿನ್ನಷ್ಟೂ ಬರ್ತಿರ್ಲಿಲ್ಲ. ಮೊದ್ಲನೇ ದಿನ ಓದಕ್ಕ ಅಂತ ನೀನು ಬಾಯಿ ಬಿಟ್ಕಂಡು ಕೂತಿದ್ದೆ, ಬರಲ್ಲ ಅನ್ನಾಕೆ ನಾಚ್ಕೆ ಆತು, ಏನೋ ಒಂದು ಹೇಳ್ದೆ. ನಿಂಗೂ ಅವ್ವಂಗೂ ಹಿಡಿಸ್ತು. ದಿನಾ ಹೇಳ್ದೆ.'

'ಅವತ್ತು?'

ಅಕ್ಕ ಚಾಕು ಕೆಳಗಿಟ್ಟಳು. 'ಮಾವ ಅವತ್ತು ಯಾಕೆ ಬಂದಿದ್ದ ಗೊತ್ತಾ ನಿಂಗೆ? ಅವ್ನ ದೊಡ್ಮಗನಿಗೆ ನನ್ನ ಕೇಳಾಕೆ. ಅವ್ವನ ಹತ್ರ ಎಲ್ಲಾ ಮಾತಾಗಿತ್ತು. ನಾನು ಶಾಲೆ ಬಿಟ್ರೆ ಮದ್ವೆ, ಅಷ್ಟೇ. ನೀನು ಶಾಲೆ ಬಿಟ್ರೆ ಕೆಲ್ಸ. ನೀನು ಕೋಳಿ ಕಾಲು ಕಚ್ತಿದ್ದೆ.'

'ಅದಕ್ಕೆ ನನ್ನ ದಡ್ಡ ಮಾಡಿದ್ಯಾ?'

'ನಿಂಗೆ ಓದಾಕೆ ಬರ್ತಿತ್ತು ಅಂತ ನಂಗೆ ಗೊತ್ತಿತ್ತು ಕಣೋ. ನಿಧಾನ ಬರ್ತಿತ್ತು. ಅಪ್ಪಂಗೆ ನಿಧಾನ ಕಾಣಿಸ್ತಿರ್ಲಿಲ್ಲ.' ಹೆಚ್ಚಿದ ಈರುಳ್ಳಿಯನ್ನು ತಟ್ಟೆಗೆ ಸರಿಸುತ್ತ ತಾನೇ ಅಂದಳು, 'ಕಾಣಿಸ್ತಿತ್ತೋ ಏನೋ. ಅವತ್ತು ಎಲ್ರೂ ಮಲಗಾಕೆ ಹೋದ್ಮೇಲೆ ನನ್ನ ಕರ್ದು, ಆ ಕಾವಲುಗಾರಂಗೆ ಇನ್ನು ಅಳಬ್ಯಾಡ ಅಂತ ಹೇಳು ಅಂದ. ಅಪ್ಪಂಗೆ ಗೊತ್ತಾಗಿತ್ತು ಅಂತ ಅನ್ಸುತ್ತೆ ನಂಗೆ.'

ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಬಿದ್ದುಹೋಯಿತು. ಹಾಗಾದರೆ ಅಪ್ಪನೂ ಬಲ್ಲವನಾಗಿದ್ದ. ಆ ಕೋಣೆಯಲ್ಲಿ ಏನು ನಡೆಯಿತೆಂದು ತಿಳಿಯದೆ ಇದ್ದವನು ನಾನೊಬ್ಬನೇ, ನನಗೆ ಓದು ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೊಬ್ಬನೇ. ಅಪ್ಪ ತೀರಿಕೊಂಡು ಆರು ವರ್ಷ, ಕೇಳುವಂತಿಲ್ಲ. ಎದುರಿಗಿದ್ದವಳು ಯೂನಿಫಾರ್ಮಿನಲ್ಲಿ, ಇಡೀ ದಿನ ಹೆರಿಗೆ ವಾರ್ಡಿನಲ್ಲಿ ನಿಂತು ಬಂದ ಬಾತ ಕಾಲಿನಲ್ಲಿ ನಿಂತಿದ್ದಳು. ಅವಳು ಅವತ್ತು ಹಾಗೆ ಹೇಳದಿದ್ದರೆ ಹದಿನೈದಕ್ಕೆ ಜಗಳೂರಿನಲ್ಲಿ ಮಾವನ ಸೊಸೆ. ಹಾಗಾಗಬೇಕಿತ್ತು ಎಂದು ನಾನು ಹೇಳಲಾರೆ. ಹಾಗಾಗಬಾರದಿತ್ತು ಎಂದರೆ ನನ್ನ ಓದನ್ನು ಅವಳಿಗೆ ನಾನೇ ಕೊಟ್ಟಂತೆ. ಆದರೆ ನಾನು ಕೊಟ್ಟಿರಲಿಲ್ಲವಲ್ಲ, ನನ್ನಿಂದ ತೆಗೆದುಕೊಂಡಿದ್ದರು. ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಕೇಳಲೇ ಇಲ್ಲ. ನನ್ನ ಸಿಟ್ಟಿಗೆ ಹೋಗಿ ಕೂರಲು ಒಂದು ಜಾಗವೂ ಇಲ್ಲದಂತೆ ಮಾಡಿಬಿಟ್ಟರು.

'ತಪ್ಪಾತು ಅಂತ ಒಂದ್ ಮಾತು ಅನ್ನು' ಎಂದೆ.

'ಅನ್ನಲ್ಲ' ಎಂದಳು. 'ಅಂದ್ರೆ ಸುಳ್ಳಾಗುತ್ತೆ. ಇನ್ನೊಂದ್ಸಲ ಬಂದ್ರೂ ಹಂಗೇ ಹೇಳ್ತೀನಿ. ಕೈ ತೊಳಿ, ಊಟ ಮಾಡು.'

ಊಟ ಮಾಡಿದೆ. ಅವಳು ಫೋನು ಕೊಡು, ನೋಡ್ತೀನಿ ಎಂದು ಕೈ ಚಾಚಿದಳು. ಕೊಡಲಿಲ್ಲ.

ಆಟವನ್ನು ಮುಂದುವರಿಸಿದ್ದೇನೆ. ಬಾಗಿಲಿನ ಆಚೆ ಏನಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ಅಲ್ಲಿ ಇರುವುದು ಮತ್ತಷ್ಟು ಹಸಿರು ಚೌಕಗಳು, ಇನ್ನೊಂದು ಊರು, ಅಲ್ಲಿಯೂ ಬಾವಿಯ ಹತ್ತಿರ ನಿಂತು ಸ್ವಾಗತ ಹೇಳುವ ಒಬ್ಬ ಮುದುಕ. ಒಬ್ಬನಿಗೂ ದುಃಖವಿಲ್ಲ. ಬಲ ಮಾತ್ರ ಹೆಚ್ಚುತ್ತಿದೆ, ಬಡಿದಷ್ಟೂ. ಒಮ್ಮೊಮ್ಮೆ ಕಪ್ಪು ಪಟ್ಟಿ ತೆರೆದಾಗ ಓದುವ ಮೊದಲೇ ಒಂದು ಕ್ಷಣ ತಡೆಯುತ್ತೇನೆ, ರಜಿಯಕ್ಕನಾಗಿದ್ದರೆ ಏನು ಹೇಳುತ್ತಿದ್ದಳು ಎಂದು. ನನಗೆ ಏನೂ ಹೊಳೆಯುವುದಿಲ್ಲ. ಆಮೇಲೆ ಬರೆದದ್ದನ್ನು ಓದುತ್ತೇನೆ, ಕತ್ತಿಯ ಅಂಗಡಿ ಬಲಗಡೆ ಇದೆ ಎಂದಿರುತ್ತದೆ. ಅದಕ್ಕಿಂತ ಹೆಚ್ಚು ಸಿಟ್ಟು ಬರಿಸುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಚನ್ನಗಿರಿಯಲ್ಲಿ ಸ್ವಂತದ ಒಂದು ಅಂಗಡಿ. ಹತ್ತಿ ಬಿಡಿಸುವ ಎರಡು ಯಂತ್ರ, ಒಂದು ಹಳೆಯದು, ಒಂದು ಹೊಸದು. ಒಂದು ಗೂಡ್ಸ್ ಆಟೋ. ನಾಲ್ಕು ಕೋಣೆಯ ಮನೆ. ನನ್ನನ್ನು ಬೈಯುವ ಒಬ್ಬಳು ಹೆಂಡತಿ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಶಾಲೆಯಲ್ಲಿದ್ದಾರೆ. ತಪ್ಪಾಯಿತು ಎನ್ನದ ಒಬ್ಬಳು ಅಕ್ಕ.